ಪಿನ್ನಪ್ಪನವರ ಮೂವ್‌ಮೆಂಟು

ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ರವಾನೆ ವಿಭಾಗದ ಗುಮಾಸ್ತರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಸಂಬಳದ ಪಟ್ಟಿಯಲ್ಲಿ ಹುಡುಕಿದರೆ ಅದು ಇಂದಿಗೂ ಸಿಗುತ್ತದೆ. ಆದರೆ ಅವರು ಅಂಗಿಯ ಕಾಲರಿನ ಹಿಂಬದಿಗೆ ಸದಾ ಐದಾರು ಗುಂಡುಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ಅವರ ಬೆನ್ನು ತಟ್ಟಿ ‘ಭೇಷ್’ ಎಂದವರೆಲ್ಲ ಮರುಕ್ಷಣವೇ ‘ಅಯ್ಯಮ್ಮಾ’ ಎಂದು ಬೆರಳು ಚೀಪಿಕೊಂಡದ್ದರಿಂದ ಎಲ್ಲರ ಬಾಯಲ್ಲೂ ಅವರು ಪಿನ್ನಪ್ಪನಾದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಯಾರೂ ಅವರನ್ನು ಎರಡನೇ ಸಲ ಹೊಗಳದೇ ಇದ್ದುದಕ್ಕೆ ಈ ಪಿನ್ನುಗಳೇ ಕಾರಣವೆಂದು ಅವರ ಹೆಂಡತಿ ಹೇಳುತ್ತಿದ್ದರು. ಬೇರೆ ಕಾರಣವೂ ಇದ್ದಿರಬಹುದು.

ಇಂಥ ಪಿನ್ನಪ್ಪನವರಿಗೆ ತೀರಿಕೊಂಡ ಚಿಕ್ಕಪ್ಪನ ಕೈಗಡಿಯಾರ ಬಂತು. ಚಿಕ್ಕಪ್ಪ ಕುದುರೆ ಓಟದ ಮೈದಾನದಲ್ಲಿ ಸಮಯ ಹಿಡಿಯುವ ಕೆಲಸದಲ್ಲಿದ್ದವರು. ಗಡಿಯಾರ ಬಂದದ್ದು ಒಂಟಿ ಕಾಲುಚೀಲದೊಳಗೆ. ಗಾಜಿಗೆ ಬಿರುಕು, ಮುಖಕ್ಕೆ ಕಾಮಾಲೆ. ಕಂಪನಿಯ ಹೆಸರು ಉಜ್ಜಿ ಉಜ್ಜಿ ಕಡೆಯ ಎರಡಕ್ಷರ ಮಾತ್ರ ಉಳಿದಿತ್ತು. ಪಕ್ಕದಲ್ಲಿ ಮೇಲೊಂದು ಕೆಳಗೊಂದು ಗುಂಡಿ. ದೊಡ್ಡ ಮುಖದೊಳಗೆ ಗುಬ್ಬಚ್ಚಿ ಕಣ್ಣಿನಂಥ ಮೂರು ಸಣ್ಣ ಮುಖಗಳು. ಎಲ್ಲ ಮುಳ್ಳುಗಳೂ ಎಲ್ಲೆಲ್ಲಿ ಇದ್ದವೋ ಅಲ್ಲಲ್ಲೇ ನಿಂತಿದ್ದವು.

ಆದರೂ ಪಿನ್ನಪ್ಪನವರು ಅದನ್ನು ಕೈಗೆ ಕಟ್ಟಿಕೊಂಡು, ಅಂಗಿಯ ತೋಳನ್ನು ಎರಡು ಮಡಿಕೆ ಜಾಸ್ತಿ ಮಡಚಿ ಕಾರ್ಖಾನೆಗೆ ಹೋದರು.

“ಏನ್ ಸಾರ್ ಇದು, ಗಡಿಯಾರ ಒಂದೇ ಸಲಕ್ಕೆ ಮೂರು ಮರಿ ಹಾಕಿದೆ!” ಎಂದ ಮ್ಯಾನೇಜರ ಕೋಣೆಯ ಜವಾನ. “ಒಂದೂ ಬದುಕಿದ ಹಾಗೆ ಕಾಣಲ್ಲವಲ್ಲ.”

ಮನೆಯಲ್ಲಿ ಹೆಂಡತಿಯೂ ಬಿಡಲಿಲ್ಲ. “ಗುಜರಿ ಅಂಗಡಿ ಮುಂದೆ ಕೈ ಬೀಸಿಕೊಂಡು ಹೋಗಬೇಡಿ ಅಂದ್ರೆ. ಅವನು ಗಡಿಯಾರ ತಗೊಂಡು ನಿಮ್ಮನ್ನೂ ತೂಕಕ್ಕೆ ಹಾಕಿಬಿಟ್ಟಾನು.”

ಅವಮಾನ ನುಂಗಿಕೊಂಡ ಪಿನ್ನಪ್ಪನವರು ಗಡಿಯಾರ ರಿಪೇರಿ ಮಾಡುವ ಅಜ್ಜನ ಬಳಿ ಹೋದರು. ಚಪ್ಪಲಿ ಅಂಗಡಿಗೂ ಬೀಗದ ಅಂಗಡಿಗೂ ನಡುವೆ ಅಜ್ಜನದೊಂದು ಗೂಡು. ಅದರೊಳಗೆ ಅಜ್ಜ ಉಸಿರು ಬಿಟ್ಟರೆ ಗಿರಾಕಿ ಹೊರಗೆ ಬರಬೇಕು, ಅಷ್ಟು ಇಕ್ಕಟ್ಟು. ಅಜ್ಜ ಗಡಿಯಾರದ ಮುಖವನ್ನು ನೋಡಿ ಮೂಗು ಮುರಿದರು. ಕಣ್ಣಿಗೆ ಕಪ್ಪು ಭೂತಗನ್ನಡಿ ಸಿಕ್ಕಿಸಿಕೊಂಡು ಬೆನ್ನಿನ ಮುಚ್ಚಳ ಬಿಚ್ಚಿದರು. ಅವರ ಬಾಯಿ ಮೆಲ್ಲಗೆ ತೆರೆದುಕೊಂಡಿತು, ಕನ್ನಡಿ ಜಾರಿ ಚಹಾದ ಲೋಟದೊಳಗೆ ಬಿತ್ತು.

“ಯಾರಪ್ಪ ನಿನಗೆ ಇದನ್ನ ಕೊಟ್ಟೋರು?”

“ಚಿಕ್ಕಪ್ಪ. ಯಾಕಜ್ಜ, ಕೆಟ್ಟುಹೋಗಿದೆಯಾ?”

“ಮುಖ ನೋಡಬೇಡ. ಮುಖ ಯಾರು ಬೇಕಾದರೂ ಅಂಟಿಸ್ತಾರೆ. ಒಳಗಿನ ಮೂವ್‌ಮೆಂಟ್ ನೋಡು!”

ಗಡಿಯಾರದ ಹೊಟ್ಟೆಯೊಳಗಿನ ಯಂತ್ರಕ್ಕೆ ಅಜ್ಜನ ಕಸುಬಿನಲ್ಲಿ ಮೂವ್‌ಮೆಂಟ್ ಎಂದು ಹೆಸರು. ಅಜ್ಜ ಕನ್ನಡಿಯನ್ನು ಚಹಾದಿಂದ ಎತ್ತಿ, ಒರೆಸಿ, ಪಿನ್ನಪ್ಪನವರ ಕಣ್ಣಿಗೆ ತಾವೇ ಒತ್ತಿದರು. ಒಳಗೊಂದು ಊರೇ ಇತ್ತು. ಚಿನ್ನದ ಬಣ್ಣದ ಚಕ್ರಗಳು, ಕೂದಲಿಗಿಂತ ತೆಳುವಾದ ಕಂಬಿಗಳು, ಸಾಸಿವೆಗಿಂತ ಸಣ್ಣ ಕೆಂಪು ಹರಳುಗಳು. ನಟ್ಟನಡುವೆ ಕೋಟೆಯ ಬುರುಜಿನ ಹಾಗೆ ಸುತ್ತ ಪುಟ್ಟ ಕಂಬಗಳೆದ್ದ ಒಂದು ಚಕ್ರ.

“ಈ ಗುಂಡಿ ಒತ್ತಿದರೆ ಆ ಬುರುಜು ಒಂದು ಹೆಜ್ಜೆ ತಿರುಗುತ್ತೆ. ಆಗ ಪಕ್ಕದಲ್ಲಿ ಸುಮ್ಮನೆ ತಿರುಗ್ತಾ ಇರೋ ಚಕ್ರ ಮೆಲ್ಲಗೆ ವಾಲಿ, ಇನ್ನೊಂದರ ಹಲ್ಲಿಗೆ ಹಲ್ಲು ಕೊಡುತ್ತೆ. ಓಟ ಶುರು! ಇದನ್ನ ಒತ್ತಿದಾಗ ಬೆರಳಿಗೆ ಒಂದು ‘ಟಕ್’ ಸಿಗುತ್ತಲ್ಲ, ಅದಕ್ಕೆ ಜನ ಪ್ರಾಣ ಬಿಡ್ತಾರೆ. ಡಾಕ್ಟರು ನಾಡಿ ಎಣಿಸ್ತಿದ್ದದ್ದು, ವಿಮಾನದೋರು ದಾರಿ ಲೆಕ್ಕ ಹಾಕ್ತಿದ್ದದ್ದು, ನಿನ್ನ ಚಿಕ್ಕಪ್ಪ ಕುದುರೆ ಹಿಡೀತಿದ್ದದ್ದು ಇಂಥದ್ದರಲ್ಲೇ. ಆಮೇಲೆ ಬ್ಯಾಟರಿ ಗಡಿಯಾರ ಬಂತು. ಇನ್ನು ಇದು ಯಾರಿಗೆ ಬೇಕು ಅಂತ ಮಾಲೀಕರು ಅಚ್ಚು, ಉಳಿ, ಯಂತ್ರ ಎಲ್ಲಾ ಗುಜರಿಗೆ ಹಾಕಿ ಅಂದರು. ಕೆಲವು ಕಡೆ ಕೆಲಸಗಾರರೇ ‘ಆಯ್ತು ಸ್ವಾಮಿ’ ಅಂತ ತಲೆ ಆಡಿಸಿ, ಕದ್ದು ಅಟ್ಟದ ಮೇಲೆ ಬಚ್ಚಿಟ್ಟರಂತೆ. ಹತ್ತು ವರ್ಷ ಕಳೆದ ಮೇಲೆ ಅದೇ ಮಾಲೀಕರು ಅಟ್ಟ ಹತ್ತಬೇಕಾಯ್ತು!”

ಅಜ್ಜನ ಕಣ್ಣಲ್ಲಿ ನೀರಿತ್ತು. ಸ್ವಲ್ಪ ಭಾಗ ಚಹಾದ್ದೂ ಇರಬಹುದು.

“ಹತ್ತು ದಿನ ನನ್ನ ಹತ್ತಿರ ಇರಲಿ. ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೊಡ್ತೀನಿ.”

ಪಿನ್ನಪ್ಪನವರು ಬರಿಗೈಯಲ್ಲಿ ಮನೆಗೆ ಬಂದರು, ಬರಿಬಾಯಲ್ಲಲ್ಲ. ಮೂವ್‌ಮೆಂಟ್ ಎಂಬ ಪದ ಅವರ ನಾಲಿಗೆಗೆ ಹತ್ತಿಬಿಟ್ಟಿತ್ತು. ಹಲ್ಲು ತಿಕ್ಕುವಾಗ ಒಮ್ಮೆ, ಮೆಟ್ಟಿಲಿಳಿಯುವಾಗ ಒಮ್ಮೆ ಅಂದುಕೊಂಡರು. ತೋರಿಸೋಣವೆಂದರೆ ಗಡಿಯಾರ ಕೈಯಲ್ಲಿಲ್ಲ. ಇದ್ದರೂ ಅದರ ಮುಖ ತೋರಿಸುವ ಹಾಗಿರಲಿಲ್ಲ. ಹಾಗಾಗಿ ಅವರ ಜಂಬವೆಲ್ಲ ಆ ಒಂದು ಪದದ ತಲೆಯ ಮೇಲೆ ಬಂದು ಕೂತಿತು.

ಪದ ಒಳ್ಳೆಯದೇ. ಆದರೆ ಬಂದ ಹೊತ್ತು ಒಳ್ಳೆಯದಿರಲಿಲ್ಲ.

ಕಾರ್ಖಾನೆಗೆ ಹೊಸ ಮ್ಯಾನೇಜರು ಬಂದು ಮೂರು ತಿಂಗಳಾಗಿತ್ತು. ಬಂದ ತಿಂಗಳೇ ಎರಡು ಆದೇಶ ಹೊರಡಿಸಿದ್ದರು. ಒಂದು, ಊಟದ ಬಿಡುವು ಅರ್ಧ ಗಂಟೆಯಿಂದ ಕಾಲು ಗಂಟೆಗೆ ಇಳಿಯಿತು. ಎರಡು, ಪೆಟ್ಟಿಗೆ ಅಂಟಿಸುವ ಉದ್ದ ಮೇಜಿನ ಬಳಿಯಿದ್ದ ಹದಿನಾಲ್ಕು ಸ್ಟೂಲುಗಳು ಅಟ್ಟ ಸೇರಿ ಬೀಗ ಬಿತ್ತು. ‘ಕೂತ ಕೈ ಅಂಟಿಕೊಳ್ಳುತ್ತದೆ, ನಿಂತ ಕೈ ಅಂಟಿಸುತ್ತದೆ’ ಎಂದು ಅವರೇ ಬರೆದ ಹಲಗೆಯೊಂದು ಸ್ಟೂಲುಗಳ ಜಾಗದಲ್ಲಿ ತೂಗುತ್ತಿತ್ತು. ಮೇಜಿನ ಹಿರಿಯಳಾದ ಅಂಟಿನಕ್ಕ ಸಂಜೆ ಕಾರ್ಖಾನೆಯ ಮೆಟ್ಟಿಲ ಮೇಲೆ ಕೂತು, ಊದಿದ ಪಾದಗಳನ್ನು ಒತ್ತಿಕೊಂಡ ಮೇಲೆಯೇ ಮನೆಗೆ ನಡೆಯುವ ಹಾಗಾಗಿತ್ತು. ಎಲ್ಲರೂ ಗೊಣಗುತ್ತಿದ್ದರು, ಬೆಕ್ಕಿಗೆ ಗಂಟೆ ಕಟ್ಟುವವರು ಮಾತ್ರ ಇರಲಿಲ್ಲ.

ಈ ಬೆಕ್ಕಿಗೂ ಒಂದು ಭಯವಿತ್ತು. ಮ್ಯಾನೇಜರು ಹಿಂದೆ ಇದ್ದ ಕಾರ್ಖಾನೆಯಲ್ಲಿ ಕೆಲಸಗಾರರು ಸಿಡಿದೆದ್ದು ಅವರನ್ನು ಕೋಣೆಯಲ್ಲಿ ಕೂಡಿಹಾಕಿದ್ದರು. ಮೂರು ದಿನ ಒಂದು ಪೊಟ್ಟಣ ಬಿಸ್ಕತ್ತಿನಲ್ಲಿ ಜೀವ ಹಿಡಿದಿದ್ದರಂತೆ. ಅಂದಿನಿಂದ ಅವರ ಮೇಜಿನ ಖಾನೆಯಲ್ಲಿ ಕಡತವಿರಲಿ ಬಿಡಲಿ, ಎಂಟು ಪೊಟ್ಟಣ ಬಿಸ್ಕತ್ತು ಮಾತ್ರ ತಪ್ಪದೆ ಇರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಪಿನ್ನಪ್ಪನವರು ರವಾನೆ ವಿಭಾಗದ ಫೋನಿನಿಂದ ಅಜ್ಜನಿಗೆ ಫೋನು ಮಾಡಿದರು. ಜವಾನ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವನ ಕಿವಿಗೆ ಬಿದ್ದದ್ದು ಇಷ್ಟು:

“ಅಜ್ಜಾ, ನಾನೇ. ನಮ್ಮ ಮೂವ್‌ಮೆಂಟು ಎಲ್ಲಿಗೆ ಬಂತು? ಹೌದಾ! ಒಳಗೆ ಇನ್ನೂ ಜೀವ ಇದೆ ಅನ್ನಿ! ಏನು? ಕಲೆಕ್ಟರು ಬಂದಿದ್ರಾ? ಕೈ ಬಿಟ್ಟರೆ ಕೇಳಿದ್ದು ಕೊಡ್ತೀನಿ ಅಂದ್ರಾ? ನೋಡಿ ಅಜ್ಜ, ಕಲೆಕ್ಟರಲ್ಲ, ಅವರಪ್ಪ ಬಂದರೂ ನಾನು ಈ ಮೂವ್‌ಮೆಂಟು ಬಿಡೋನಲ್ಲ. ನೀವು ಹೆದರಬೇಡಿ. ಒಂದೊಂದನ್ನೂ ಬಿಚ್ಚಿ ತೊಳೆದುಬಿಡಿ. ಹತ್ತು ದಿನದಲ್ಲಿ ಶುರುವಾಗಲೇಬೇಕು.”

ಹಳೆಯ ಗಡಿಯಾರಗಳನ್ನು ಕೂಡಿಡುವ ಹವ್ಯಾಸದವರನ್ನು ಅಜ್ಜ ಕಲೆಕ್ಟರು ಎನ್ನುತ್ತಿದ್ದರು. ಜವಾನನಿಗೆ ಗೊತ್ತಿದ್ದ ಮೂವ್‌ಮೆಂಟೆಂದರೆ ಚಳವಳಿ, ಅವನಿಗೆ ಗೊತ್ತಿದ್ದ ಕಲೆಕ್ಟರೂ ಬೇರೆ. ಅವರು ಕಾರಿನಲ್ಲಿ ಬರುತ್ತಾರೆ, ಹಿಂದೆ ಇನ್ನೊಂದು ಕಾರಿನಲ್ಲಿ ಪೊಲೀಸರು ಬರುತ್ತಾರೆ. ಜವಾನ ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟು ಅಂಟಿಸುವ ಮೇಜಿನ ಕಡೆಗೆ ಓಡಿದ.

“ಅಕ್ಕಾ, ನಮ್ಮ ಪಿನ್ನಪ್ಪನೋರು ಮೂವ್‌ಮೆಂಟು ಕಟ್ಟಿದ್ದಾರೆ! ಕಲೆಕ್ಟರು ಬಂದು ಬೇಡ್ಕೊಂಡರೂ ಬಿಡಲ್ಲ ಅಂದ್ರು. ಹಿಂದೆ ಯಾರೋ ಅಜ್ಜ ಇದ್ದಾರೆ. ಇನ್ನು ಹತ್ತೇ ದಿನ, ಒಬ್ಬೊಬ್ಬರನ್ನೂ ತೊಳೀತಾರಂತೆ!”

“ಯಾರನ್ನ?”

ಜವಾನ ಮ್ಯಾನೇಜರ ಕೋಣೆಯ ಕಡೆ ಗಲ್ಲ ತೋರಿಸಿದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳಲ್ಲ ಅಂಟಿನಕ್ಕ. ವಿಚಾರಿಸಿಯೇ ನಂಬುವವಳು. ಊಟದ ಕಾಲು ಗಂಟೆಯಲ್ಲಿ, ಕೈಯಲ್ಲಿ ಡಬ್ಬಿ ಹಿಡಿದು ಎಲ್ಲರೂ ನಿಂತೇ ತಿನ್ನುತ್ತಿದ್ದಾಗ, ಅವಳು ಪಿನ್ನಪ್ಪನವರನ್ನು ಮೇಜಿನ ತುದಿಗೆ ಕರೆದಳು.

“ಅಣ್ಣಾ, ಏನೋ ಮೂವ್‌ಮೆಂಟಂತಲ್ಲ. ನಿಜಾನಾ? ನಮಗೂ ಒಂಚೂರು ಹೇಳಬಾರದಾ?”

ಪಿನ್ನಪ್ಪನವರು ತುತ್ತು ನುಂಗುವುದನ್ನೇ ಮರೆತರು. ಇಪ್ಪತ್ತಾರು ವರ್ಷದಲ್ಲಿ ‘ಬಿಲ್ಲು ಎಲ್ಲಿ, ಲಾರಿ ಎಲ್ಲಿ’ ಎಂಬುದನ್ನು ಬಿಟ್ಟು ಬೇರೇನನ್ನೂ ಈ ಕಾರ್ಖಾನೆ ಅವರಿಗೆ ಕೇಳಿರಲಿಲ್ಲ. ಹದಿನಾಲ್ಕು ಜನ ಅಗಿಯುವುದನ್ನು ನಿಲ್ಲಿಸಿ ಅವರ ಬಾಯಿ ನೋಡುತ್ತಿದ್ದರು. ಅವರು ಗಂಟಲು ಸರಿ ಮಾಡಿಕೊಂಡರು.

“ನಿಜ ಅಕ್ಕ. ಇವತ್ತು ನಿನ್ನೇದಲ್ಲ ಇದು. ದೊಡ್ಡ ಇತಿಹಾಸ ಇದೆ. ಒಂದು ಕಾಲಕ್ಕೆ ಡಾಕ್ಟರಿಂದ ಹಿಡಿದು ವಿಮಾನ ಓಡಿಸೋರ ತನಕ ಎಲ್ಲರೂ ಇದನ್ನೇ ನಂಬಿದ್ದರು. ಆಮೇಲೆ ಕಾಲ ಕೆಟ್ಟಿತು. ಇದು ಮುಗೀತು, ಗುಜರಿಗೆ ಹಾಕಿ ಅಂತ ಮಾಲೀಕರು ಹೇಳಿಬಿಟ್ಟರು.”

“ಮಾಲೀಕರು ಇನ್ನೇನು ಹೇಳ್ತಾರೆ!” ಎಂದಳು ಯಾರೋ.

“ಆದರೆ ಕೆಲಸಗಾರರು ಬಿಡಲಿಲ್ಲ. ಬಾಯಲ್ಲಿ ‘ಆಯ್ತು ಸ್ವಾಮಿ’ ಅಂದು, ಅಟ್ಟದ ಮೇಲೆ ಉಳಿಸಿಟ್ಟರು!”

ಹದಿನಾಲ್ಕು ತಲೆಗಳು ಒಟ್ಟಿಗೆ ಮೇಲೆದ್ದು, ಸ್ಟೂಲುಗಳಿದ್ದ ಅಟ್ಟವನ್ನು ನೋಡಿದವು.

“ಒಳಗೆ ಹೇಗಿರುತ್ತೆ ಅಣ್ಣ?” ಎಂದು ಅಂಟಿನಕ್ಕ ಪಿಸುಗುಟ್ಟಿದಳು.

“ಏನು ಹೇಳಲಿ! ಒಂದಕ್ಕೊಂದು ಹಲ್ಲಿಗೆ ಹಲ್ಲು ಕೊಟ್ಟು ನಿಂತಿರ್ತವೆ. ಒಂದು ತಿರುಗಿದರೆ ಎಲ್ಲಾ ತಿರುಗಿ ಬೀಳ್ತವೆ. ಹೊರಗೆ ನೋಡಿದರೆ ಏನೂ ಗೊತ್ತಾಗಲ್ಲ. ಸುಮ್ಮನೆ ಕಾಯ್ತಾ ಇರುತ್ತೆ. ಒತ್ತಿದಿರೋ, ಟಕ್!”

‘ನಿಂತಿರ್ತಾರೆ’ ಎನ್ನದೆ ‘ನಿಂತಿರ್ತವೆ’ ಅಂದದ್ದನ್ನು ಅಲ್ಲಿ ಯಾರೂ ಗಮನಿಸಲಿಲ್ಲ. ಕಾಲು ನೋಯುವವರು ವ್ಯಾಕರಣ ನೋಡುವುದಿಲ್ಲ. ಅಂಟಿನಕ್ಕ ಅವರ ಬೆನ್ನು ತಟ್ಟಿ, ಬೆರಳು ಚೀಪಿಕೊಂಡು, “ನಾವೆಲ್ಲ ಇದ್ದೀವಿ ಅಣ್ಣ” ಎಂದಳು. ಗಡಿಯಾರಗಳ ಬಗ್ಗೆ ಜನರಿಗೆ ಇಷ್ಟು ಅಭಿಮಾನ ಇದ್ದೀತೆಂದು ಪಿನ್ನಪ್ಪನವರು ಕನಸಿನಲ್ಲೂ ಎಣಿಸಿರಲಿಲ್ಲ.

ಸುದ್ದಿ ಸಂಜೆಯೊಳಗೆ ಮನೆಗೂ ಮುಟ್ಟಿತು. ಎದುರುಮನೆಯ ನಿವೃತ್ತ ಲಾಯರು ಕಾಂಪೌಂಡಿನ ಮೇಲಿಂದ ತಲೆ ಚಾಚಿ, “ಒಳಗೆ ಹಾಕಿದರೆ ಗಾಬರಿ ಆಗಬೇಡಿ. ಎರಡು ಜೊತೆ ಬಟ್ಟೆ, ಒಂದು ಸೋಪು ಸಿದ್ಧ ಇಟ್ಟಿರಿ. ಜಾಮೀನಿಗೆ ನಾನಿದ್ದೀನಿ” ಎಂದು ಹೆಂಡತಿಯ ಎದೆ ಒಡೆದರು. ಆಕೆ ಗಂಡನನ್ನು ಬಾಗಿಲಲ್ಲೇ ಹಿಡಿದರು.

“ಏನ್ರೀ ಇದು ಮೂವ್‌ಮೆಂಟು? ಈ ವಯಸ್ಸಲ್ಲಿ ಬೇಕಿತ್ತಾ ನಿಮಗೆ?”

“ವಯಸ್ಸಿಗೂ ಇದಕ್ಕೂ ಏನೇ ಸಂಬಂಧ? ಚಿಕ್ಕಪ್ಪ ಸಾಯೋ ತನಕ ಬಿಟ್ಟಿರಲಿಲ್ಲ.”

“ಅಯ್ಯೋ! ಅವರೂ ಇದ್ದರಾ ಇದರಲ್ಲಿ?”

“ಇದ್ದರಾ ಅಂದರೆ? ಅವರಿಂದಲೇ ತಾನೇ ನನಗೆ ಬಂದದ್ದು!”

ಆಕೆ ಅಳುತ್ತಾ ಒಳಗೆ ಹೋಗಿ ತಂದೆಗೆ ಫೋನು ಮಾಡಿದರು. ಪಿನ್ನಪ್ಪನವರ ಮಾವ ಬಟ್ಟೆ ಗಿರಣಿಯ ಹಳೆಯ ಮುಖಂಡರು. ಊಟದ ಬಿಡುವಿಗಾಗಿಯೇ ಒಮ್ಮೆ ಹದಿನೇಳು ದಿನ ಗೇಟಿನ ಮುಂದೆ ಕೂತವರು. ಮದುವೆಯಾದಂದಿನಿಂದ ಅಳಿಯನ ಜೊತೆ ‘ಊಟ ಆಯ್ತಾ’ ಎಂಬ ಎರಡು ಪದಕ್ಕಿಂತ ಹೆಚ್ಚು ಆಡಿದವರಲ್ಲ. ಬೆನ್ನುಮೂಳೆ ಇಲ್ಲದ ಗಂಡು ಎಂಬುದು ಅವರ ಅಭಿಪ್ರಾಯ. ಫೋನು ಬಂದ ಅರ್ಧ ಗಂಟೆಗೆ ಅವರು ಬಂದು, ಒಂದು ಮಾತೂ ಆಡದೆ ಅಳಿಯನನ್ನು ಬರಸೆಳೆದು ಅಪ್ಪಿಕೊಂಡರು. ಆರು ಗುಂಡುಪಿನ್ನು ಮುಂಗೈಗೆ ಇಳಿದವು. ಹಳೆಯ ಚಳವಳಿಗಾರರು ತುಟಿ ಪಿಟಕ್ಕೆನ್ನಲಿಲ್ಲ.

“ನಿನ್ನಲ್ಲಿ ಇಂಥದ್ದೊಂದು ಇದೆ ಅಂತ ನನಗೆ ಗೊತ್ತೇ ಇರಲಿಲ್ಲಪ್ಪ.”

“ನನಗೂ ಗೊತ್ತಿರಲಿಲ್ಲ ಮಾವ. ಮುಚ್ಚಳ ಬಿಚ್ಚಿದ ಮೇಲೆ ಗೊತ್ತಾಯ್ತು,” ಎಂದರು ಪಿನ್ನಪ್ಪ. ಮಾವನೂ ಗಡಿಯಾರಪ್ರಿಯರೆಂದು ತಿಳಿದು ಅವರ ಕಣ್ಣು ತುಂಬಿತ್ತು.

ಅತ್ತ ಜವಾನ ಸುದ್ದಿಯನ್ನು ಮ್ಯಾನೇಜರಿಗೂ ಒಪ್ಪಿಸಿದ್ದ. ಮರುದಿನ ಬೆಳಿಗ್ಗೆ ಪಿನ್ನಪ್ಪನವರಿಗೆ ಕರೆ ಬಂತು. ಕುರ್ಚಿಯೂ ಸಿಕ್ಕಿತು. ಮ್ಯಾನೇಜರು ನಗಲು ಪ್ರಯತ್ನಿಸುತ್ತಿದ್ದರು.

“ಬಿಸ್ಕತ್ತು ತಗೊಳ್ಳಿ. ನಿಮ್ಮದು ಅದೇನೋ ಮೂವ್‌ಮೆಂಟು ಅಂತ ಕೇಳಿದೆ.”

“ನಿಮಗೂ ತಿಳೀತಾ ಸಾರ್?” ಪಿನ್ನಪ್ಪ ಅರಳಿದರು.

“ತಿಳಿಯದೆ ಇರುತ್ತಾ? ನಾವೂ ನೀವೂ ಮುಚ್ಚುಮರೆ ಇಲ್ಲದೆ ಮಾತಾಡೋಣ. ಹೇಗೆ ಶುರುವಾಗುತ್ತೆ ಅದು?”

“ಮೇಲಿಂದ ಒತ್ತಿದರೆ ಶುರುವಾಗುತ್ತೆ ಸಾರ್.”

ಮ್ಯಾನೇಜರ ಮುಖ ಬಿಳುಚಿತು. ಮೇಲಿಂದ ಒತ್ತಿದವರು ತಾವೇ ಅಲ್ಲವೇ? ಇದು ನೇರ ಆರೋಪ.

“ನಿಲ್ಲಬೇಕಾದರೆ?”

“ಮತ್ತೆ ಮೇಲಿನದೇ ಕೆಲಸ. ಕೆಳಗಿನದು ಒತ್ತಿದರೆ ಎಲ್ಲಾ ಮೊದಲಿದ್ದ ಜಾಗಕ್ಕೆ ವಾಪಸ್ ಬಂದು ಕೂರುತ್ತೆ. ಕೂರಬೇಕು. ಕೂರಲಿಲ್ಲ ಅಂದರೆ ಒಳಗೆ ಏನೋ ತೊಂದರೆ ಇದೆ ಅಂತಲೇ ಅರ್ಥ.”

“ಎಲ್ಲಾ ಮೊದಲಿದ್ದ ಜಾಗಕ್ಕೆ... ಕೂರಬೇಕು,” ಎಂದು ಮ್ಯಾನೇಜರು ಕಾಗದದ ಮೇಲೆ ಬರೆದುಕೊಂಡರು. ಅವಸರದಲ್ಲಿ ‘ಕೂರಬೇಕು’ ಎರಡು ಸಲ ಬಿತ್ತು. “ಈಗಿನ ಸ್ಥಿತಿ?”

“ಎಷ್ಟೋ ಕಾಲದಿಂದ ನಿಂತೇ ಇದೆ ಸಾರ್, ಪಾಪ. ನಿಂತೂ ನಿಂತೂ ಒಳಗೆಲ್ಲಾ ಬಿಗಿದುಹೋಗಿದೆಯಂತೆ. ಅಜ್ಜ ನೋಡಿ ಕಣ್ಣೀರು ಹಾಕಿದರು.”

ಮ್ಯಾನೇಜರಿಗೆ ಅಂಟಿಸುವ ಮೇಜು ಕಣ್ಣ ಮುಂದೆ ಬಂತು. “ಸ್ಟೂಲು... ಆಯ್ತು. ಇನ್ನೇನಾದರೂ?”

“ಇನ್ನೇನು ಸಾರ್, ಮೂವತ್ತು ನಿಮಿಷ.”

“ಮೂವತ್ತೇ ಬೇಕಾ?” ಮ್ಯಾನೇಜರು ಚೌಕಾಸಿಗೆ ಇಳಿದರು. “ಇಪ್ಪತ್ತು ಆಗಲ್ವಾ?”

ಪಿನ್ನಪ್ಪನವರಿಗೆ ಕನಿಕರ ಉಂಟಾಯಿತು. ಬಲಗಡೆಯ ಸಣ್ಣ ಮುಖದಲ್ಲಿ ಇರುವುದೇ ಮೂವತ್ತು ನಿಮಿಷದ ಎಣಿಕೆ. ಓದಿದವರು, ಆದರೂ ಇವರಿಗೆ ಇಷ್ಟು ತಿಳಿಯದಲ್ಲ.

“ಅದು ಹೇಗೆ ಸಾರ್ ಆಗುತ್ತೆ? ಇರೋದೇ ಮೂವತ್ತು. ಹದಿನೈದಕ್ಕೆ ನಿಂತರೆ ಕೆಟ್ಟಿದೆ ಅಂತ ಅರ್ಥ. ಇಪ್ಪತ್ತಕ್ಕೆ ನಿಂತರೂ ಕೆಟ್ಟಿದೆ ಅಂತಲೇ. ಯಾರ ಮುಂದೆ ಬೇಕಾದರೂ ಹೇಳ್ತೀನಿ ನಾನು.”

“ಯಾರ ಮುಂದೆಯೂ ಬೇಡ, ಬೇಡ!” ಮ್ಯಾನೇಜರು ಬಿಸ್ಕತ್ತಿನ ಪೊಟ್ಟಣವನ್ನೇ ಅವರ ಕಡೆಗೆ ತಳ್ಳಿದರು. “ಒಂದೇ ಒಂದು ಮಾತು. ನಾನು ನನ್ನ ಭಾಗ ಮಾಡ್ತೀನಿ. ಆದರೆ ನಿಮ್ಮ ಆ ಅಜ್ಜ ಇಲ್ಲಿಗೆ ಬರಬೇಕು. ಮೂವ್‌ಮೆಂಟು ನಿಂತಿತು ಅಂತ ನನ್ನೆದುರಿಗೆ ಸಹಿ ಹಾಕಿ ಕೊಡಬೇಕು.”

“ನಿಂತಿತು ಅಂತ ಹೇಗೆ ಕೊಡ್ತಾರೆ ಸಾರ್? ನಡೆಸಿಯೇ ತೀರ್ತೀನಿ ಅಂತ ಪಣ ತೊಟ್ಟಿದ್ದಾರೆ. ಇರಲಿ, ಬರೋಕೆ ಹೇಳ್ತೀನಿ. ಮೂವ್‌ಮೆಂಟನ್ನೂ ಕರ್ಕೊಂಡೇ ಬರಲಿ.”

“ಎಲ್ಲರನ್ನೂ ಕರೆತರಬೇಡಿ!”

“ಗಲಾಟೆ ಏನೂ ಇರಲ್ಲ ಸಾರ್. ಅಜ್ಜ ಅದನ್ನ ಅಂಗೈಯಲ್ಲಿ ಹಿಡ್ಕೊಂಡಿರ್ತಾರೆ.”

ಇಡೀ ಚಳವಳಿಯನ್ನು ಅಂಗೈಯಲ್ಲಿ ಹಿಡಿದಿರುವ ಆ ಮುದುಕನನ್ನು ನೆನೆದು ಮ್ಯಾನೇಜರಿಗೆ ಮೂರು ದಿನ ನಿದ್ದೆ ಸರಿಯಾಗಿ ಬರಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಫಲಕದ ಮೇಲೆ ಆದೇಶ ಬಿತ್ತು. ಊಟದ ಬಿಡುವು ಮೂವತ್ತು ನಿಮಿಷ. ಸ್ಟೂಲುಗಳು ಮೊದಲಿದ್ದ ಜಾಗಕ್ಕೆ. ಕ್ರಮಸಂಖ್ಯೆ ಹಾಕಿ, ಪಿನ್ನು ಚುಚ್ಚಿ ಅದನ್ನು ಅಂಟಿಸಿದವರು ಸ್ವತಃ ಪಿನ್ನಪ್ಪನವರೇ. ಒಂದು ಯಂತ್ರದ ಗೌರವಾರ್ಥ ಮ್ಯಾನೇಜರು ಎಲ್ಲರಿಗೂ ಮೂವತ್ತು ನಿಮಿಷ ಕೊಟ್ಟದ್ದು ಅವರಿಗೆ ತುಸು ಅತಿಯೆನಿಸಿದರೂ, ದೊಡ್ಡವರ ಅಭಿರುಚಿ ದೊಡ್ಡದು ಎಂದು ಸಮಾಧಾನ ಮಾಡಿಕೊಂಡರು. ಜವಾನ ಅಟ್ಟ ಹತ್ತಿ ಸ್ಟೂಲುಗಳನ್ನು ಇಳಿಸಿದ. ಅಂಟಿನಕ್ಕ ತನ್ನದನ್ನು ಸೆರಗಿನಿಂದ ಒರೆಸಿ, ಕೂತು, ಎರಡೂ ಕಾಲನ್ನು ಮುಂದಕ್ಕೆ ಚಾಚಿ, ಒಂದು ನಿಮಿಷ ಕಣ್ಣು ಮುಚ್ಚಿಕೊಂಡಳು.

ಮಧ್ಯಾಹ್ನ ಊಟದ ಬಿಡುವು ಶುರುವಾದೊಡನೆ ಮ್ಯಾನೇಜರ ಕೋಣೆಯಲ್ಲಿ ಸಭೆ. ಕೆಲಸಗಾರರ ಪರವಾಗಿ ಅಂಟಿನಕ್ಕ. ಯಾರೂ ಕರೆಯದಿದ್ದರೂ ಹಳೆಯ ಕೋಟು ತೊಟ್ಟು ಬಂದಿದ್ದ ಮಾವ. ಬಾಗಿಲ ಸಂದಿಯಲ್ಲಿ ಜವಾನನ ಒಂದು ಕಿವಿ. ಮೇಜಿನ ಮೇಲೆ ‘ಈ ಮೂಲಕ ಮೂವ್‌ಮೆಂಟನ್ನು ನಿಲ್ಲಿಸಲಾಗಿದೆ’ ಎಂಬ ಮುಚ್ಚಳಿಕೆ ಪತ್ರ, ತೆರೆದ ಪೆನ್ನು.

ಅಜ್ಜ ಬಂದರು. ಯಾರ ಮುಖವನ್ನೂ ನೋಡದೆ, ಉಸಿರು ಬಿಗಿಹಿಡಿದು, ಅಂಗೈಯಲ್ಲಿದ್ದ ಗಾಜಿನ ಬಟ್ಟಲೊಂದನ್ನು ಮುಚ್ಚಳಿಕೆ ಪತ್ರದ ಮೇಲೆ ಮೆಲ್ಲಗೆ ಇಳಿಸಿದರು. ಬಟ್ಟಲಿನೊಳಗೆ ಏನೋ ಮಿಣಮಿಣ ಎನ್ನುತ್ತಿತ್ತು.

“ಏನಿದು?” ಎಂದರು ಮ್ಯಾನೇಜರು.

“ಮೂವ್‌ಮೆಂಟು,” ಎಂದರು ಅಜ್ಜ.

“ಇದು ಗಡಿಯಾರ!”

“ಅಲ್ಲ ಸ್ವಾಮಿ. ಗಡಿಯಾರ ಅಂದರೆ ಮುಖ, ಪಟ್ಟಿ, ಗಾಜು. ಅದೆಲ್ಲಾ ಇಲ್ಲಿ ಪೊಟ್ಟಣದಲ್ಲಿದೆ. ಇದು ಮೂವ್‌ಮೆಂಟು. ಈ ಮೇಲಿನದನ್ನ ಒತ್ತಿದರೆ ಶುರು, ನೋಡಿ, ಟಕ್! ಮತ್ತೆ ಒತ್ತಿದೆ, ನಿಂತಿತು. ಈಗ ಕೆಳಗಿನದು. ಹೇಗೆ ಮೊದಲಿನ ಜಾಗಕ್ಕೆ ಬಂದು ಕೂತಿತು! ಇಲ್ಲಿ ಮೂವತ್ತು ನಿಮಿಷ ಎಣಿಸೋ ಚಕ್ರ...”

ಅಜ್ಜನ ಒಂದೊಂದು ಮಾತಿಗೂ ಮ್ಯಾನೇಜರು ಕುರ್ಚಿಯಲ್ಲಿ ಒಂದೊಂದು ಅಂಗುಲ ಇಳಿಯುತ್ತಾ ಹೋದರು. ಅಂಟಿನಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು. ಬಾಗಿಲ ಸಂದಿಯ ಕಿವಿ ಮಾಯವಾಯಿತು. ಪಿನ್ನಪ್ಪನವರು ಎಲ್ಲರ ಮುಖವನ್ನೂ ಸರದಿಯಂತೆ ನೋಡಿದರು, ಮುಚ್ಚಳಿಕೆ ಪತ್ರವನ್ನು ಓದಿದರು, ಮತ್ತೊಮ್ಮೆ ಓದಿದರು. ಅವರ ತಲೆಯೊಳಗೂ ಯಾವುದೋ ಚಕ್ರ ವಾಲಿ ಇನ್ನೊಂದರ ಹಲ್ಲಿಗೆ ಹಲ್ಲು ಕೊಟ್ಟಿತು.

ಮೊದಲು ಮುಂದೆ ಬಂದವರು ಮಾವ. ಅವರು ಅಜ್ಜನ ಕೈಯಿಂದ ಕನ್ನಡಿ ಇಸಿದುಕೊಂಡು, ಬಟ್ಟಲಿನ ಮೇಲೆ ಬಗ್ಗಿ ತುಂಬಾ ಹೊತ್ತು ನೋಡಿದರು.

“ಇದರಲ್ಲಿ ಮುಖಂಡ ಯಾವುದು?”

“ಮುಖಂಡ ಅಂತ ಯಾವುದೂ ಇಲ್ಲ,” ಎಂದರು ಅಜ್ಜ. “ಒಂದು ಹಲ್ಲು ಮುರಿದರೂ ಅಷ್ಟೂ ನಿಲ್ಲುತ್ತೆ.”

“ಹಾಗಾದರೆ ಸರಿಯಾದ ಮೂವ್‌ಮೆಂಟೇ ಬಿಡಿ,” ಎಂದು ಮಾವ ನೆಟ್ಟಗಾದರು.

ಮ್ಯಾನೇಜರು ಅಷ್ಟರಲ್ಲಿ ಚೇತರಿಸಿಕೊಂಡಿದ್ದರು. ಮೇಜು ಗುದ್ದಿದರು. ಅಜ್ಜ ಹಾರಿ ಬಟ್ಟಲನ್ನು ಹಿಡಿದುಕೊಂಡರು.

“ಮೋಸ! ಶುದ್ಧ ಮೋಸ! ಆದೇಶ ಈಗಿಂದೀಗಲೇ ವಾಪಸ್. ಸ್ಟೂಲು ವಾಪಸ್! ಪಿನ್ನಪ್ಪ, ಬರೀರಿ!”

ಪಿನ್ನಪ್ಪನವರು ಬೆದರಿಹೋದರು. ಹಾಗೆಂದು ಇಪ್ಪತ್ತಾರು ವರ್ಷದ ಕೆಲಸ ಕೈ ಮರೆಯುತ್ತದೆಯೇ? ಕಾಗದ ಎಳೆದುಕೊಂಡು, ಪ್ರತಿ ತೆಗೆಯುವ ಮಸಿಹಾಳೆ ಜೋಡಿಸಿ, ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆಯತೊಡಗಿದರು.

“‘ವಿಷಯ: ಆದೇಶ ಹಿಂಪಡೆಯುವ ಬಗ್ಗೆ. ಮಾನ್ಯ ಮ್ಯಾನೇಜರು ಒಂದು ಕೈಗಡಿಯಾರವನ್ನು ಚಳವಳಿಯೆಂದು ತಿಳಿದು, ಅದಕ್ಕೆ ಹೆದರಿ...’ ಹೆದರಿ ಅನ್ನಲಾ ಸಾರ್, ಗಾಬರಿಗೊಂಡು ಅನ್ನಲಾ?”

ಮ್ಯಾನೇಜರು ಮೇಜು ಗುದ್ದಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

“ಹೆದರಿ ಅಂತಲೇ ಇರಲಿ, ಸರಳವಾಗಿದೆ. ‘...ಹೆದರಿ, ಸದರಿ ಗಡಿಯಾರದೊಡನೆ ಮಾತುಕತೆ ನಡೆಸಿ, ಅದರ ಬೇಡಿಕೆಗಳನ್ನು ಒಪ್ಪಿ ಹೊರಡಿಸಿದ್ದ ಆದೇಶವನ್ನು, ಅದು ಗಡಿಯಾರವೆಂದು ಖಚಿತಪಟ್ಟ ಕಾರಣ, ಈ ಕೂಡಲೇ ಹಿಂಪಡೆಯಲಾಗಿದೆ.’ ಒಂದು ಪ್ರತಿ ಫಲಕಕ್ಕೆ, ಒಂದು ಕಡತಕ್ಕೆ. ನಿಯಮದ ಪ್ರಕಾರ ಒಂದು ಹೆಡ್ ಆಫೀಸಿಗೆ ಹೋಗಬೇಕು ಸಾರ್. ಇವತ್ತಿನ ಟಪಾಲಿಗೇ ಹಾಕಲಾ?”

ಪಿನ್ನಪ್ಪನವರು ಮುಖವೆತ್ತಿದರು. ಅದರಲ್ಲಿ ಕುಹಕದ ಎಳೆಯೂ ಇರಲಿಲ್ಲ. ಸಹಿಗೆ ಕಾಯುವ ಗುಮಾಸ್ತನ ಮುಖ, ಅಷ್ಟೇ. ಆ ಮುಖವನ್ನು ಮ್ಯಾನೇಜರು ಬಹಳ ಹೊತ್ತು ನೋಡಿದರು.

“ಬೇಡ,” ಎಂದರು ಕೊನೆಗೆ.

“ಹೆಡ್ ಆಫೀಸಿಗೆ ಬೇಡವಾ ಸಾರ್?”

“ಯಾವುದೂ ಬೇಡ. ಆ ಕಾಗದ ಇಲ್ಲಿ ಕೊಡಿ.” ಅವರು ಅದನ್ನು ನಾಲ್ಕಾಗಿ, ಎಂಟಾಗಿ ಮಡಚಿ, ಬಿಸ್ಕತ್ತಿನ ಖಾನೆಯೊಳಗೆ ಹಾಕಿ ಬೀಗ ಜಡಿದರು. ಬಟ್ಟಲಿನೊಳಗೆ ಮೂವ್‌ಮೆಂಟು ಟಿಕಟಿಕ ಎನ್ನುತ್ತಲೇ ಇತ್ತು. ಆಮೇಲೆ ಯಾರ ಕಡೆಯೂ ನೋಡದೆ ಕೈ ಚಾಚಿ, “ಅಜ್ಜಾ, ಆ ಕನ್ನಡಿ ಒಂದು ನಿಮಿಷ ಕೊಡಿ” ಎಂದರು.

ಅಂಟಿನಕ್ಕ ಹೊರಗೆ ಬಂದಾಗ ಮೇಜಿನವರೆಲ್ಲ ಸ್ಟೂಲಿನ ತುದಿಯಲ್ಲಿ ಕೂತು, ಎದ್ದುಬಿಡಬೇಕೋ ಏನೋ ಎಂದು ಬಾಗಿಲನ್ನೇ ನೋಡುತ್ತಿದ್ದರು.

“ಏನಾಯ್ತಕ್ಕ? ಮೂವ್‌ಮೆಂಟು ಉಳೀತಾ?”

“ಕಣ್ಣಾರೆ ನೋಡ್ಕೊಂಡು ಬಂದೆ ಕಣ್ರೇ,” ಎಂದಳು ಅಂಟಿನಕ್ಕ. “ಚೆನ್ನಾಗಿ ನಡೀತಾ ಇದೆ. ಅಗೋ, ಮ್ಯಾನೇಜರೂ ಸೇರಿಕೊಂಡರು.”

ತನ್ನ ಸ್ಟೂಲನ್ನು ಎಳೆದುಕೊಂಡು ಕೂತು, ಡಬ್ಬಿಯ ಮುಚ್ಚಳ ತೆಗೆದಳು. ಬಿಡುವು ಮುಗಿಯಲು ಇನ್ನೂ ಹದಿನಾರು ನಿಮಿಷವಿತ್ತು.